ಮಿಲ್ವಾಕಿಯಲ್ಲಿ ಮನೆ ಮಾಡುವ ಮುಂಚೆ

ನಮಸ್ಕಾರ. ಜನವರಿಯಲ್ಲಿ ಕೆಲಸಕ್ಕೆ ಅಮೆರಿಕದ ಮಿಲ್ವಾಕಿಗೆ ಬರುತ್ತಿದ್ದೀರಿ. ಎಲ್ಲರೂ ಹೊರವಲಯದ ಬ್ರೂಕ್‌ಫೀಲ್ಡ್‌ನಲ್ಲೇ ಮನೆ ಮಾಡಿ, ಊರೊಳಗೆ ಬೇಡ, ನಾರ್ತ್ ಸೈಡ್ ಕಡೆ ತಲೆ ಹಾಕಿಯೂ ಮಲಗಬೇಡಿ ಅನ್ನುತ್ತಾರೆ, ನಿಜವಾ ಅಂತ ಕೇಳಿದ್ದೀರಿ. ನಾನು ಬಂದು 22 ವರ್ಷ ಆಯಿತು, ನನಗೂ ಇದೇ ಮಾತು ಹೇಳಿದ್ದರು. ಮೊದಲ ನಾಲ್ಕು ವರ್ಷ ಬ್ರೂಕ್‌ಫೀಲ್ಡ್‌ನಲ್ಲೇ ಇದ್ದೆ. ಮನೆ, ಆಫೀಸು, ಶನಿವಾರ ಪಿವಾಕಿಯ ದೇವಸ್ಥಾನ, ಮತ್ತೆ ಮನೆ. ಊರನ್ನೇ ನೋಡಿರಲಿಲ್ಲ.

ಆಮೇಲೆ ಊರಿನ ದಕ್ಷಿಣ ಭಾಗದ ಲಿಂಕನ್ ಅವೆನ್ಯೂ ಹತ್ತಿರ ಒಂದು ಹಳೆಯ ಮನೆಯ ಮಹಡಿಗೆ ಬಂದೆ. ಕೆಳಗೆ ಓನರ್ ಅಜ್ಜಿ, ಪೋಲಿಷ್ ಮೂಲದವರು. ಬೀದಿಯಲ್ಲಿ ಕೆಲವು ಮನೆಗಳ ಕಿಟಕಿ ಫುಟ್‌ಪಾತ್‌ಗೆ ಅಂಟಿಕೊಂಡಂತೆ ಇದ್ದವು, ಮುಂಬಾಗಿಲಿಗೆ ಮಾತ್ರ ಏಳೆಂಟು ಮೆಟ್ಟಿಲು ಹತ್ತಬೇಕು. ಯಾಕೆ ಹೀಗೆ ಅಂತ ಅಜ್ಜಿಯನ್ನು ಕೇಳಿದೆ. ಚರ್ಮದ ಕಾರ್ಖಾನೆ, ಫೌಂಡ್ರಿಗಳಲ್ಲಿ ದುಡಿಯಲು ಬಂದ ಪೋಲಿಷರು ಮೊದಲು ಸಣ್ಣ ಮರದ ಮನೆ ಕಟ್ಟುತ್ತಿದ್ದರಂತೆ, ನಾಲ್ಕು ಕಾಸು ಕೂಡಿದ ಮೇಲೆ ಇಡೀ ಮನೆಯನ್ನು ಜಾಕ್ ಕೊಟ್ಟು ಎತ್ತಿ, ಅಡಿಯಲ್ಲಿ ಅರ್ಧ ನೆಲದೊಳಗಿರುವ ಇನ್ನೊಂದು ಮನೆ ಕಟ್ಟಿ ಬಾಡಿಗೆಗೆ ಕೊಡುತ್ತಿದ್ದರು. ಇಂಥ ಮನೆಗೆ 'ಪೋಲಿಷ್ ಫ್ಲಾಟ್' ಅನ್ನುತ್ತಾರೆ. ಬಾಡಿಗೆಯಲ್ಲಿ ಸಾಲ ತೀರಿಸುವ ಲೆಕ್ಕ ನಮಗೂ ಗೊತ್ತಿರುವುದೇ, ಅಲ್ವಾ?

ಇವರು ಸುಮ್ನೆ ದುಡಿದು ಸುಮ್ಮನಿದ್ದವರೂ ಅಲ್ಲ. 1886ರ ಮೇ 5ರಂದು ದಿನಕ್ಕೆ ಎಂಟೇ ಗಂಟೆ ಕೆಲಸ ಅಂತ ಕೇಳಿಕೊಂಡು ಬೇ ವ್ಯೂನ ಉಕ್ಕಿನ ಮಿಲ್ಲಿನತ್ತ ಹೊರಟವರ ಮೇಲೆ ರಾಜ್ಯದ ಮಿಲಿಷಿಯಾ ಸೈನಿಕರು ಗುಂಡು ಹಾರಿಸಿದರು. ಕನಿಷ್ಠ 7 ಜನ ಸತ್ತರು. ಈಗಲೂ ಪ್ರತಿ ಮೇ ತಿಂಗಳು ಜನ ಅಲ್ಲಿ ಸೇರುತ್ತಾರೆ, ನಾನೂ ಹೋಗುತ್ತೇನೆ. ಮುಂದೆ 1910ರಲ್ಲಿ ಇದೇ ಊರು ಎಮಿಲ್ ಸೈಡೆಲ್ ಎಂಬ ಸಮಾಜವಾದಿಯನ್ನು ಮೇಯರ್ ಮಾಡಿತು. ಅಮೆರಿಕದ ದೊಡ್ಡ ನಗರಗಳಲ್ಲಿ ಅದೇ ಮೊದಲು. ಆಮೇಲೆ ಡೇನಿಯಲ್ ಹೋನ್ 24 ವರ್ಷ ಆಳಿದರು. ನೀರು, ಒಳಚರಂಡಿ, ಪಾರ್ಕು, ಇದೇ ಅವರ ರಾಜಕೀಯ. ಮಿಶಿಗನ್ ಸರೋವರದ ದಡದಲ್ಲಿ ಇವತ್ತು ಯಾರು ಬೇಕಾದರೂ ಹೋಗಿ ಕೂರಬಹುದು ಅಂದರೆ ಅದರಲ್ಲಿ ಆ ಕಾಲದವರ ಪಾಲು ದೊಡ್ಡದು.

ಇಷ್ಟೆಲ್ಲ ಒಳ್ಳೆಯದನ್ನು ಮಾಡಿದ ಊರು ಕಪ್ಪು ಜನರಿಗೆ ಮಾತ್ರ ಬಾಗಿಲು ಹಾಕಿತು. ನೀವು ಕೇಳಿದ್ದಕ್ಕೆ ನಿಜವಾದ ಉತ್ತರ ಇಲ್ಲಿದೆ. ದಕ್ಷಿಣದ ರಾಜ್ಯಗಳಿಂದ ಕಾರ್ಖಾನೆ ಕೆಲಸಕ್ಕೆ ಬಂದ ಅವರಿಗೆ ಊರಿನ ಉತ್ತರದ, ಅಂದರೆ ನಾರ್ತ್ ಸೈಡ್‌ನ, ಕೆಲವೇ ಬೀದಿಗಳಲ್ಲಿ ಮನೆ ಸಿಗುತ್ತಿತ್ತು. ಬಣ್ಣ ನೋಡದೆ ಮನೆ ಕೊಡಬೇಕು ಎಂಬ ಕಾನೂನನ್ನು ಕಪ್ಪು ಸದಸ್ಯೆ ವೆಲ್ ಫಿಲಿಪ್ಸ್ ನಗರಸಭೆಯಲ್ಲಿ 1962ರಿಂದ ನಾಲ್ಕು ಸಲ ಮಂಡಿಸಿದರು, ನಾಲ್ಕು ಸಲವೂ ಪರವಾಗಿ ಬಿದ್ದಿದ್ದು ಅವರದೊಂದೇ ಮತ. 1967ರ ಆಗಸ್ಟಿನಲ್ಲಿ ಕ್ಯಾಥೊಲಿಕ್ ಪಾದ್ರಿ ಫಾದರ್ ಜೇಮ್ಸ್ ಗ್ರಾಪಿ ಮತ್ತು ಕಪ್ಪು ಯುವಕ ಯುವತಿಯರು 16ನೇ ಬೀದಿಯ ಸೇತುವೆ ದಾಟಿ ಈ ಪೋಲಿಷ್ ಬೀದಿಗಳಿಗೆ ನಡೆದು ಬಂದರು. ಅಲ್ಲಿ ಸೇರಿದ್ದ ಬಿಳಿಯರು ಅವರ ಮೇಲೆ ಕಲ್ಲು, ಬಾಟಲಿ ತೂರಿದರು. ನಡೆದು ಬಂದವರು ನಿಲ್ಲಿಸಲಿಲ್ಲ, 200 ರಾತ್ರಿ ಮೆರವಣಿಗೆ ಮಾಡಿದರು. ಮಾರನೇ ವರ್ಷ ಕಾನೂನು ಬಂತು. ಆದರೆ ಬೇಗನೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚತೊಡಗಿದವು. 1960ರಲ್ಲಿ 7.41 ಲಕ್ಷ ಇದ್ದ ಜನ 2020ಕ್ಕೆ 5.77 ಲಕ್ಷ. ಬಿಳಿಯರು ಹೊರವಲಯಕ್ಕೆ ಹೋದರು, ಕೆಲಸಗಳೂ ಅತ್ತ ಹೋದವು. ಕೆಲಸ ಹೋದ ಬೀದಿಗಳಲ್ಲಿ ಉಳಿದವರು ಹೆಚ್ಚಾಗಿ ಕಪ್ಪು ಜನ. ಅಲ್ಲಿ ಗುಂಡಿನ ಸದ್ದು ಇಲ್ಲ ಅನ್ನುವುದಿಲ್ಲ, ಇದೆ, ಹುಷಾರಾಗಿರಿ. ಆದರೆ 'ಆ ಜನಾನೇ ಹಾಗೆ' ಅಂತ ನಮ್ಮವರು ಚಪಾತಿ ತಿನ್ನುತ್ತಾ ಹೇಳಿದಾಗ ನನಗೆ ಸಂಕಟ ಆಗುತ್ತದೆ.

ಹಾಗಾಗಿ ಮದುವೆ ಆಗಿಲ್ಲದಿದ್ದರೆ, ಮಕ್ಕಳ ಸ್ಕೂಲಿನ ಚಿಂತೆ ಇಲ್ಲದಿದ್ದರೆ, ಬೇ ವ್ಯೂನಲ್ಲೋ ಈಸ್ಟ್ ಸೈಡ್‌ನಲ್ಲೋ ಡುಪ್ಲೆಕ್ಸ್ (ಎರಡು ಮನೆಗಳಿರುವ ಕಟ್ಟಡ) ನೋಡಿ. ಶುಕ್ರವಾರ ಸಂಜೆ ಫಿಶ್ ಫ್ರೈಗೆ, ಅಂದರೆ ಕರಿದ ಮೀನಿನ ಊಟಕ್ಕೆ, ಅಕ್ಕಪಕ್ಕದವರು ಕರೆದರೆ ಹೋಗಿ. ನಾನು ಮೀನು ತಿನ್ನುವುದಿಲ್ಲ, ಅಜ್ಜಿ ನನಗೆ ಆಲೂಗಡ್ಡೆ ಪ್ಯಾನ್‌ಕೇಕ್ ಹೇಳುತ್ತಿದ್ದರು, ಜೊತೆಗೆ ಸೇಬಿನ ಸಾಸ್. ನನಗೆ ಈ ಊರಿನಲ್ಲಿ ಗೆಳೆಯರು ಸಿಕ್ಕಿದ್ದು ಆ ಮೇಜಿನಲ್ಲೇ.

ಎರಡು ವಿಷಯ ಮರೆಯಬೇಡಿ. ರಾತ್ರಿ ರಸ್ತೆಬದಿ ಕಾರು ನಿಲ್ಲಿಸಲು ಪರ್ಮಿಟ್ ಬೇಕು. ಹಳೆಯ ಮನೆಯಾದರೆ ನೀರಿನ ಪೈಪು ಸೀಸದ್ದಾ ಅಂತ ಸಹಿ ಹಾಕುವ ಮುಂಚೆಯೇ ಕೇಳಿ, ಹೌದು ಅಂದರೆ ಸೀಸ ತಡೆಯುವ ಫಿಲ್ಟರ್ ಹಾಕಿಸಿಕೊಳ್ಳಿ.