ಸ್ಕ್ರೇಪರ್‌ನಿಂದ ಬರೀ ಪುಡಿ ಬರುತ್ತಿದೆ, ಸುರುಳಿ ಬರುತ್ತಿಲ್ಲ. ಏನು ಮಾಡಲಿ?

ನಿಮ್ಮ ಕಷ್ಟ ನನಗೆ ಅರ್ಥವಾದದ್ದು ಹೀಗೆ. ಹಳೇ ತೇಗದ ಬಾಗಿಲಿನ ಹಲಗೆಯಲ್ಲಿ ಟೀಪಾಯಿ ಮಾಡುತ್ತಿದ್ದೀರಿ. ಕೀಸುಳಿ ಹಾಕಿದರೆ ಗಂಟಿನ ಹತ್ತಿರ ನಾರು ಕಿತ್ತು ಬರುತ್ತದೆ. ಅದಕ್ಕೆ ಕಾರ್ಡ್ ಸ್ಕ್ರೇಪರ್, ಅಂದರೆ ಮರ ಕೀಸುವ ತೆಳು ಉಕ್ಕಿನ ತಗಡು, ತರಿಸಿದಿರಿ. ಅದು ಪುಡಿ ಮಾತ್ರ ಉದುರಿಸುತ್ತಿದೆ, ಜೊತೆಗೆ ಹೆಬ್ಬೆರಳು ಸುಡುತ್ತಿದೆ. ಸ್ಯಾಂಡ್ ಪೇಪರ್‌ಗೇ ವಾಪಸ್ ಹೋಗಲಾ ಅಂತ ಕೇಳಿದ್ದೀರಿ.

ಬೇಡ, ಹೋಗಬೇಡಿ. ನಿಮ್ಮ ಸ್ಕ್ರೇಪರ್‌ಗೆ ಇನ್ನೂ ಕೊಕ್ಕೆ ಎದ್ದಿಲ್ಲ, ಅಷ್ಟೆ. ಅಂಗಡಿಯಿಂದ ಬಂದಾಗ ಅದು ಬರೀ ಉಕ್ಕಿನ ತಗಡು. ಮರವನ್ನು ಕೊಯ್ಯುವುದು ಅದರ ಅಂಚಿನಲ್ಲಿ ನಾವು ಬಗ್ಗಿಸಿ ಎಬ್ಬಿಸುವ ಸಣ್ಣ ಕೊಕ್ಕೆ. ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ಕೊಕ್ಕೆ ಇಲ್ಲದ ಅಂಚು ಮರವನ್ನು ಉಜ್ಜುತ್ತದೆ. ಉಜ್ಜಿದರೆ ಪುಡಿ, ಜಾಸ್ತಿ ಉಜ್ಜಿದರೆ ಬಿಸಿ.

ಎಲ್ಲರೂ ಕೊಕ್ಕೆ ಎಬ್ಬಿಸುವ ಸರಳಿನ ಬಗ್ಗೆಯೇ, ಅಂದರೆ ಬರ್ನಿಷರ್ ಬಗ್ಗೆಯೇ, ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಕೆಲಸ ಕೆಡುವುದು ಅದಕ್ಕೂ ಮುಂಚೆ, ಅರ ಮತ್ತು ಸಾಣೆ ಕಲ್ಲಿನ ಹಂತದಲ್ಲೇ. ಕೆಳಗಿನ ಅಂಚು ಒರಟಾಗಿದ್ದರೆ ಮೇಲೆ ಏಳುವ ಕೊಕ್ಕೆಯೂ ಒರಟೇ. ಅಂತಹ ಕೊಕ್ಕೆ ಮರದ ಮೇಲೆ ಗೀರು ಬಿಡುತ್ತದೆ.

ಸ್ಕ್ರೇಪರನ್ನು ಎರಡು ಮರದ ಪಟ್ಟಿಗಳ ನಡುವೆ ಇಟ್ಟು ವೈಸ್‌ಗೆ ಕಚ್ಚಿಸಿ. ಎಂಟು ಅಥವಾ ಹತ್ತು ಇಂಚಿನ ನುಣುಪು ಅರ ತೆಗೆದುಕೊಂಡು ಅಂಚಿನ ಉದ್ದಕ್ಕೂ ಎಳೆಯಿರಿ. ಅಂಚು ಎರಡೂ ಮುಖಗಳಿಗೆ ಸರಿಯಾಗಿ 90 ಡಿಗ್ರಿ ಇರಬೇಕು. ಕೈಯಲ್ಲಿ ಹಿಡಿದರೆ ಅರ ಓಲಾಡುತ್ತದೆ. ಒಂದು ಮರದ ತುಂಡಿಗೆ ಗರಗಸದಿಂದ ನೇರ ಸೀಳು ಕೊರೆದು ಅರವನ್ನು ಅದರಲ್ಲಿ ಸಿಕ್ಕಿಸಿ, ಆ ತುಂಡನ್ನು ತಗಡಿನ ಮುಖಕ್ಕೆ ಒತ್ತಿ ಹಿಡಿದು ಎಳೆದರೆ ಓಲಾಟ ನಿಲ್ಲುತ್ತದೆ.

ಅರದ ಗೆರೆಗಳು ಹೋಗುವವರೆಗೆ ಅಂಚನ್ನು ಸಾಣೆ ಕಲ್ಲಿಗೆ ಉಜ್ಜಿ. ಕಲ್ಲಿಲ್ಲದಿದ್ದರೆ ಗ್ರಾನೈಟ್ ತುಂಡಿನ ಮೇಲೆ ನೀರು ಕಾಗದ (ನೀರು ಹಾಕಿ ಉಜ್ಜುವ ಸ್ಯಾಂಡ್ ಪೇಪರ್) ಅಂಟಿಸಿಕೊಳ್ಳಿ, ಮೊದಲು 400 ನಂಬರಿನದು, ಆಮೇಲೆ ಇನ್ನೂ ನುಣುಪಾದ 1000. ಬೆಂಗಳೂರಿನಲ್ಲಿ ಗ್ರಾನೈಟ್ ತುಂಡಿಗೇನು ಬರವೇ! ಯಾವ ಮನೆಯಲ್ಲಿ ಅಡುಗೆಮನೆ ಕಟ್ಟೆ ಹಾಕಿಸುತ್ತಿದ್ದರೂ ಕೇಳಿದರೆ ಕೊಡುತ್ತಾರೆ. ಅಂಚು ಆದಮೇಲೆ ಎರಡೂ ಮುಖಗಳನ್ನು ಅಂಚಿನ ಪಕ್ಕ ಚಪ್ಪಟೆಯಾಗಿ ಇಟ್ಟು ಉಜ್ಜಿ. ಮರೆತುಹೋಗುವುದು ಇದೇ. ಮೂಲೆ ಅಂದರೆ ಎರಡು ಸಮತಲ ಸೇರುವ ಜಾಗ ಅಲ್ವಾ? ಒಂದನ್ನು ಮಾತ್ರ ನುಣುಪು ಮಾಡಿದರೆ ಮೂಲೆ ಅರ್ಧ ಒರಟಾಗಿಯೇ ಉಳಿಯುತ್ತದೆ. ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿ. ಮೂಲೆಯ ಮೇಲೆ ಬೆಳಕಿನ ಗೆರೆ ಹೊಳೆದರೆ ಅದು ಇನ್ನೂ ದುಂಡಗಿದೆ.

ಈಗ ಬರ್ನಿಷರ್. ಅದು ಸ್ಕ್ರೇಪರ್‌ಗಿಂತ ಗಟ್ಟಿ ಇರಬೇಕು, ಕನ್ನಡಿಯ ಹಾಗೆ ನುಣುಪಾಗಿರಬೇಕು. ಉಕ್ಕಿನ ಗಟ್ಟಿತನ ಅಳೆಯುವ ರಾಕ್‌ವೆಲ್ ಸಿ ಮಾಪನದಲ್ಲಿ ಸ್ಕ್ರೇಪರ್ ಉಕ್ಕು ಸುಮಾರು 50. ಲೋಹ ಕೊಯ್ಯುವ ಟೂಲ್‌ಗಳ ಹೈಸ್ಪೀಡ್ ಸ್ಟೀಲ್ 62ರಿಂದ 65ರ ಹತ್ತಿರ. ಸ್ಕ್ರೂಡ್ರೈವರ್ ಸಾಕು ಅನ್ನುವವರಿದ್ದಾರೆ. ಆದರೆ ಎಷ್ಟೋ ಸ್ಕ್ರೂಡ್ರೈವರ್‌ಗಳ ಸರಳು ಸ್ಕ್ರೇಪರ್‌ನಷ್ಟೇ ಗಟ್ಟಿ, ಅದರ ಮೇಲೇ ಗೀರು ಬೀಳುತ್ತದೆ. ಡ್ರಿಲ್ ಬಿಟ್‌ನ ಹಿಡಿ ಭಾಗವೂ ಹಲವು ಸಲ ಮೆತ್ತಗೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಮೆಷಿನ್ ಟೂಲ್ ಅಂಗಡಿಗಳಲ್ಲಿ 6 ಅಥವಾ 8 ಮಿಲಿಮೀಟರ್‌ನ ದುಂಡು ಹೈಸ್ಪೀಡ್ ಟೂಲ್ ಬಿಟ್ ಕೇಳಿ, ಇಲ್ಲವೇ ಕಾರ್ಬೈಡ್ ಸರಳು. ಅದಕ್ಕೊಂದು ಮರದ ಹಿಡಿ ಹಾಕಿಕೊಂಡರೆ ಜೀವಮಾನಕ್ಕೆ ಆಯಿತು. 'ಸ್ಕ್ರೇಪರ್ ಬರ್ನಿಷರ್' ಅಂತ ಹುಡುಕಿಕೊಂಡು ಆನ್‌ಲೈನ್‌ನಲ್ಲಿ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.

ತಗಡನ್ನು ಮೇಜಿನ ತುದಿಗೆ ಮಲಗಿಸಿ, ಒಂದು ಹನಿ ಎಣ್ಣೆ ಹಾಕಿ, ಸರಳನ್ನು ಹೆಚ್ಚುಕಡಿಮೆ ಚಪ್ಪಟೆಯಾಗಿಟ್ಟು ಅಂಚಿನ ಉದ್ದಕ್ಕೂ ಕೆಲವು ಸಲ ಎಳೆಯಿರಿ. ಎರಡೂ ಮುಖಕ್ಕೆ ಮಾಡಿ. ಉಕ್ಕು ಅಂಚಿನ ಕಡೆಗೆ ಒಂದು ಕೂದಲಿನಷ್ಟು ಸರಿಯುತ್ತದೆ. ಆಮೇಲೆ ತಗಡನ್ನು ವೈಸ್‌ನಲ್ಲಿ ನೆಟ್ಟಗೆ ನಿಲ್ಲಿಸಿ. ಸರಳನ್ನು ಅಂಚಿನ ಮೇಲೆ ಅಡ್ಡವಾಗಿ, ಮಟ್ಟಸವಾಗಿ ಇಟ್ಟು ಎರಡು ಸಲ ಎಳೆಯಿರಿ. ನಂತರ ಸುಮಾರು 5 ಡಿಗ್ರಿ ಓರೆ ಮಾಡಿ ಇನ್ನೆರಡು ಸಲ. 10 ಡಿಗ್ರಿ ದಾಟಬೇಡಿ.

ಒತ್ತಡ? ನೀವು ಅಂದುಕೊಂಡಿದ್ದಕ್ಕಿಂತ ಕಡಿಮೆ. ತಗಡಿನ ದಪ್ಪ ಒಂದು ಮಿಲಿಮೀಟರ್ ಒಳಗೆ, ಓರೆಯಾದ ಸರಳು ಮುಟ್ಟುವುದು ಅದರಲ್ಲೂ ಒಂದು ಮೂಲೆಯನ್ನು ಮಾತ್ರ. ಸಾಧಾರಣವಾಗಿ ಒತ್ತಿದರೂ ಆ ಸಣ್ಣ ಜಾಗಕ್ಕೆ ಅದು ಭಾರೀ ಒತ್ತಡ. ದೇಹದ ಭಾರ ಎಲ್ಲಾ ಹಾಕಿದರೆ ಕೊಕ್ಕೆ ಪೂರ್ತಿ ಮಡಚಿಕೊಂಡು ಬಿಡುತ್ತದೆ. ಆಗ ಅದು ಮರಕ್ಕೆ ಕಚ್ಚಬೇಕಾದರೆ ಸ್ಕ್ರೇಪರನ್ನು ಎಷ್ಟು ಬಾಗಿಸಬೇಕು ಅಂದರೆ, ಬೆರಳ ಗಂಟುಗಳು ಹಲಗೆಗೆ ತಾಗುತ್ತವೆ. ಮುಖದಿಂದ ಅಂಚಿನ ಆಚೆಗೆ ಬೆರಳು ಸವರಿದಾಗ ಸಣ್ಣದಾಗಿ ತಡೆದಂತಾದರೆ ಕೊಕ್ಕೆ ಬಂದಿದೆ. ಅಂಚಿನ ಉದ್ದಕ್ಕೆ ಮಾತ್ರ ಬೆರಳು ಎಳೆಯಬೇಡಿ, ಕೊಯ್ಯುತ್ತದೆ.

ಬಳಸುವುದು ಇದಕ್ಕಿಂತ ಸುಲಭ. ಎರಡೂ ಕೈಯಲ್ಲಿ ಬದಿ ಹಿಡಿದು, ಹಿಂದಿನಿಂದ ಹೆಬ್ಬೆರಳುಗಳಲ್ಲಿ ನಡುವೆ ಒತ್ತಿ ಸ್ವಲ್ಪ ಬಗ್ಗಿಸಿ. ನೆಟ್ಟಗೆ ನಿಲ್ಲಿಸಿ ತಳ್ಳುತ್ತಾ ನಿಧಾನಕ್ಕೆ ಮುಂದಕ್ಕೆ ಬಾಗಿಸುತ್ತಾ ಹೋಗಿ. ಒಂದು ಕೋನದಲ್ಲಿ ಕಚ್ಚುತ್ತದೆ, ಸದ್ದೇ ಬದಲಾಗುತ್ತದೆ, ಈರುಳ್ಳಿ ಸಿಪ್ಪೆಯಂಥ ತೆಳು ಸುರುಳಿ ಮೇಲೆ ಬರುತ್ತದೆ. ಆ ಕೋನ ನೆನಪಿಟ್ಟುಕೊಳ್ಳಿ. ನಾರಿನ ದಿಕ್ಕಿಗೆ ಸ್ವಲ್ಪ ಓರೆಯಾಗಿ ತಳ್ಳಿದರೆ ಇನ್ನೂ ನಯ. ನಾರು ಕಿತ್ತ ಗುಂಡಿ ಕಂಡಿತು ಅಂತ ಅಲ್ಲೇ ಕೆರೆಯುತ್ತಾ ಕೂರಬೇಡಿ. ತಗ್ಗು ಬೀಳುತ್ತದೆ, ಪಾಲಿಶ್ ಆದಮೇಲೆ ಎದ್ದು ಕಾಣುತ್ತದೆ. ಸುತ್ತಲಿನ ಜಾಗವನ್ನೂ ಸೇರಿಸಿ ಇಳಿಸಿ.

ಹೆಬ್ಬೆರಳ ಉರಿಗೆ ಫ್ರಿಜ್ ಮೇಲೆ ಅಂಟಿಸುವ ಮೆತ್ತನೆಯ ಮ್ಯಾಗ್ನೆಟ್ ಹಾಳೆಯನ್ನು ಸ್ಕ್ರೇಪರ್ ಹಿಂದೆ ಅಂಟಿಸಿ. ಪಿಜ್ಜಾ ಅಂಗಡಿಯವರು ಕೊಡುತ್ತಾರಲ್ಲ, ಅಂಥದ್ದೇ. ಚೂಪಾದ ಅಂಚೂ ಬಿಸಿಯಾಗುತ್ತದೆ, ಆದರೆ ಇಷ್ಟು ಬೇಗ ಅಲ್ಲ. ಉದ್ದದ ಎರಡು ಬದಿಗಳಲ್ಲಿ ನಾಲ್ಕು ಕೊಕ್ಕೆ ಇರುತ್ತವೆ, ಒಂದು ಮೊಂಡಾದರೆ ಇನ್ನೊಂದಕ್ಕೆ ತಿರುಗಿಸಿಕೊಳ್ಳಿ. ತೇಗದಲ್ಲಿ ಸಿಲಿಕಾ ಇರುವುದರಿಂದ ಬೇಗ ಮೊಂಡಾಗುತ್ತದೆ. ಪ್ರತಿ ಸಲ ಅರ ಹಿಡಿಯಬೇಕಿಲ್ಲ. ಹಳೇ ಕೊಕ್ಕೆಯನ್ನು ಚಪ್ಪಟೆ ಮಾಡಿ ಮತ್ತೆ ಎಬ್ಬಿಸಬಹುದು. ಮೂರ್ನಾಲ್ಕು ಸಲ ಹೀಗೆ ನಡೆಯುತ್ತದೆ.

ನಮ್ಮ ಆಚಾರಿಗಳು ಇದೇ ಕೆಲಸವನ್ನು ಕಿಟಕಿ ಗಾಜಿನ ಚೂರಿನಲ್ಲಿ ಮಾಡುತ್ತಿದ್ದರು, ಈಗಲೂ ಮಾಡುವವರಿದ್ದಾರೆ. ಹೊಸದಾಗಿ ಒಡೆದ ಗಾಜಿನ ಅಂಚು ನಿಜಕ್ಕೂ ಚೆನ್ನಾಗಿ ಕೀಸುತ್ತದೆ. ಆದರೆ ಬಗ್ಗುವುದಿಲ್ಲ, ಕೈಗೆ ಅಪಾಯ. ಅದಕ್ಕಿಂತ ಹಳೇ ಸಾಮಾನು ಮಾರುವ ಸಂಡೇ ಬಜಾರ್‌ನಲ್ಲಿ ಸಿಗುವ ಹಳೇ ಕೈಗರಗಸದ ತಗಡು ಒಳ್ಳೆಯದು. ಅದನ್ನು ಕತ್ತರಿಸಿದರೆ ಎರಡು ಮೂರು ಸ್ಕ್ರೇಪರ್ ಆಗುತ್ತದೆ. ಗ್ರೈಂಡರ್‌ನಲ್ಲಿ ಕತ್ತರಿಸುವಾಗ ನೀಲಿ ಬಣ್ಣಕ್ಕೆ ತಿರುಗಲು ಬಿಡಬೇಡಿ, ಅಲ್ಲಿ ಉಕ್ಕು ಮೆತ್ತಗಾಗಿರುತ್ತದೆ.

ಎಲ್ಲದಕ್ಕೂ ಸ್ಕ್ರೇಪರ್ ಆಗುವುದಿಲ್ಲ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರದಲ್ಲಿ ನಾರು ಜಜ್ಜಿ ಜುಂಗು ಏಳುತ್ತದೆ. ವಿನೀರ್ ಅಂಟಿಸಿದ ಪ್ಲೈವುಡ್ ಆದರೆ ಮೇಲಿನ ಪದರ ಅರ್ಧ ಮಿಲಿಮೀಟರ್ ಇದ್ದರೆ ಹೆಚ್ಚು, ಅಲ್ಲಿ ಕೈ ಹಾಕದಿರುವುದೇ ಕ್ಷೇಮ. ತೇಗ, ಬೀಟೆ, ಹಲಸು, ಹೊನ್ನೆ ಇಂಥವಕ್ಕೆ ಮಾತ್ರ ಇದರ ಸಮ ಇಲ್ಲ. ಒಣಗಿದ ಫೆವಿಕಾಲ್ ಕೀಳಲಿಕ್ಕೂ ಚೆನ್ನ, ಅದಕ್ಕೊಂದು ಮೊಂಡು ಅಂಚು ಬೇರೆ ಇಟ್ಟುಕೊಳ್ಳಿ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರಿಗೆ ಇನ್ನೂ ಒಂದು ಲಾಭ. ರಾತ್ರಿ ಹತ್ತಕ್ಕೆ ಬಾಲ್ಕನಿಯಲ್ಲಿ ಕೀಸಿದರೂ ಪಕ್ಕದ ಮನೆಯವರು ಬಾಗಿಲು ಬಡಿಯುವುದಿಲ್ಲ, ಸ್ಯಾಂಡರ್ ಧೂಳೂ ಇಲ್ಲ.

ಟೀಪಾಯಿಗೆ ಎಣ್ಣೆ ಅಥವಾ ಫ್ರೆಂಚ್ ಪಾಲಿಶ್ ಕೊಡುವುದಾದರೆ ಸ್ಕ್ರೇಪರ್ ಆದಮೇಲೆ ಬಟ್ಟೆಯಲ್ಲಿ ಒರೆಸಿ ನೇರವಾಗಿ ಹಚ್ಚಿ. ಪಿಯು (ಪಾಲಿಯುರೆಥೇನ್) ಪಾಲಿಶ್ ಮಾಡಿಸುವುದಾದರೆ ಪಾಲಿಶ್‌ನವರು 220 ನಂಬರಿನ ಸ್ಯಾಂಡ್ ಪೇಪರ್ ಹೊಡೆಯಲೇಬೇಕು ಅನ್ನುತ್ತಾರೆ. ಮೊದಲು ಹಚ್ಚುವ ಸೀಲರ್ ಪದರ ಹಿಡಿಯಲು ಅದು ಬೇಕು, ಹೊಡೆಯಲಿ ಬಿಡಿ. ನಾರಿನ ಉದ್ದಕ್ಕೆ ಮಾತ್ರ ಹೊಡೆಯಲು ಹೇಳಿ.