ಅಡುಗೆ ಕಟ್ಟೆಗೆ ಕಾಂಕ್ರೀಟ್ ಫಿನಿಶ್, ಕಪಾಟಿಗೆ ಹಿತ್ತಾಳೆ ಲೇಪ: ಬಳ್ಳಾರಿ ಮನೆಗೆ ಸರಿಹೋಗುತ್ತಾ?

ನೀವು ಕೇಳಿರೋದು ಮೂರು. ಬಳ್ಳಾರಿಯ ಹೊಸ ಮನೆಯ ಅಡುಗೆ ಕಟ್ಟೆಗೆ ಬೂದು ಬಣ್ಣದ ಕಾಂಕ್ರೀಟ್ ಫಿನಿಶ್ ಮಾಡಿಸಬಹುದಾ, ಕಪಾಟಿನ ಬಾಗಿಲುಗಳಿಗೆ ಹಿತ್ತಾಳೆ ಲೇಪ ಕೊಡಿಸಬಹುದಾ, ಹಾಲ್‌ನಲ್ಲಿ ಇಡೋ ಶಿಲ್ಪಕ್ಕೂ ಅದೇ ಲೇಪ ಆಗುತ್ತಾ ಅಂತ. ನಿಮ್ಮ ಅತ್ತೆ ಗ್ರಾನೈಟೇ ಬೇಕು ಅಂತ ಹಟ ಹಿಡಿದಿದ್ದಾರೆ ಅಂತಲೂ ಬರೆದಿದ್ದೀರಿ. ಕಟ್ಟೆ ವಿಷಯದಲ್ಲಿ ನಿಮ್ಮ ಅತ್ತೆಯವರ ಮಾತೇ ಸರಿ. ಉಳಿದ ಎರಡಕ್ಕೆ ನಾನು ಹೂಂ ಅಂತೀನಿ, ಆದರೆ ಎಲ್ಲಿ ಹಾಕಿಸುತ್ತೀರಿ ಅನ್ನೋದು ಮುಖ್ಯ.

ನಾನು ಕೊಪ್ಪಳದವನು. ಕಲ್ಲಿನ ಕೆಲಸ ನಮ್ಮ ಕಸುಬು, ಅದರ ಜೊತೆಗೆ ಅಡುಗೆಮನೆ ಕೆಲಸಗಳನ್ನೂ ಹಿಡಿಯುತ್ತೇನೆ.

ಕಾಂಕ್ರೀಟ್ ಫಿನಿಶ್ ಅಂದರೆ ಈಗ ಮೈಕ್ರೋಸಿಮೆಂಟ್ ಅಂತ ಮಾಡ್ತಾರಲ್ಲ, ಅದು 2-3 ಮಿಲಿಮೀಟರ್ ದಪ್ಪದ ಪದರ ಅಷ್ಟೇ. ಸಿಮೆಂಟ್, ನುಣುಪಾದ ಕಲ್ಲುಪುಡಿ, ಪಾಲಿಮರ್ ಕಲಸಿ ಕರಣೆಯಲ್ಲಿ ಎಳೆದು, ಒಣಗಿದ ಮೇಲೆ ಪಾಲಿಯುರಿಥೇನ್ ಕೋಟು ಹೊಡೆಯುತ್ತಾರೆ. ಕಟ್ಟೆಯನ್ನು ಕಾಯೋದೆಲ್ಲ ಆ ಕೋಟೇ. ಮಿರ್ಚಿ ಕರಿಯೋ ಎಣ್ಣೆ 180 ಡಿಗ್ರಿ ಆಸುಪಾಸು ಕಾದಿರುತ್ತದೆ, ಆ ಕಡಾಯಿಯನ್ನು ಒಲೆಯಿಂದ ಇಳಿಸಿ ನೇರ ಕಟ್ಟೆ ಮೇಲೆ ಇಟ್ಟರೆ ಕೋಟು ಬಿಳಚಿಕೊಳ್ಳುತ್ತದೆ, ಇಲ್ಲಾ ಗುಳ್ಳೆ ಏಳುತ್ತದೆ. ಒಂದು ಸಣ್ಣ ಗೀರು ಬಿದ್ದರೂ ಸಾಕು, ಅರಿಶಿನ ಒಳಗೆ ಇಳಿಯುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿದರೆ ಓಕುಳಿ ಕೆಂಪಾಗೋದು ನಿಮಗೆ ಗೊತ್ತೇ ಇದೆ ಅಲ್ವಾ? ಸಿಮೆಂಟ್ ಗಟ್ಟಿಯಾಗುವಾಗ ಅದರೊಳಗೂ ಸುಣ್ಣ ಹುಟ್ಟುತ್ತದೆ. ಹಾಗಾಗಿ ಹೊಸ ಸಿಮೆಂಟಿಗೆ ಇಳಿದ ಅರಿಶಿನ ಹಳದಿಯಾಗಿ ಉಳಿಯಲ್ಲ, ಕಂದುಗೆಂಪು ಕಲೆಯಾಗಿ ಕೂತುಬಿಡುತ್ತದೆ. ಹುಣಸೆಹುಳಿ, ನಿಂಬೆರಸ ಅದೇ ಸುಣ್ಣವನ್ನು ತಿಂದು ಆ ಜಾಗವನ್ನು ಒರಟು ಮಾಡುತ್ತವೆ. ದಿನಾ ಸಾರು ಮಾಡೋ ಮನೆಗೆ ಇದು ಬೇಡ.

ದಪ್ಪ ಕಾಂಕ್ರೀಟ್ ಹಲಗೆಯನ್ನೇ ಅಚ್ಚು ಹಾಕಿ ಮಾಡಿಸಿದರೂ ಹುಳಿ, ಅರಿಶಿನದ ಕಾಟ ತಪ್ಪಲ್ಲ. ಮೇಲಿಂದ ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ನೀರುಣಿಸೋದು ಸ್ವಲ್ಪ ತಪ್ಪಿದರೂ ಕೂದಲೆಳೆ ಬಿರುಕು ಗ್ಯಾರಂಟಿ. ಆ ಬೂದು ಬಣ್ಣ ಅಷ್ಟು ಇಷ್ಟ ಇದ್ದರೆ ಊಟದ ಮೇಜಿನ ಹಿಂದಿನ ಗೋಡೆಗೆ ಮಾಡಿಸಿ. ಅಲ್ಲಿ ಒಲೆ ಇಲ್ಲ, ಒಗ್ಗರಣೆ ಸಿಡಿಯಲ್ಲ, ಕಿಟಕಿ ಬೆಳಕು ಅಡ್ಡ ಬಿದ್ದಾಗ ಕರಣೆ ಎಳೆದ ಗುರುತುಗಳು ತುಂಬಾ ಚೆನ್ನಾಗಿ ಕಾಣುತ್ತವೆ.

ಕಟ್ಟೆಗೆ ಗ್ರಾನೈಟ್ ಹಾಕಿಸಿ. ಅದರಲ್ಲಿರೋದು ಬೆಣಚು ಮತ್ತು ಫೆಲ್ಡ್‌ಸ್ಪಾರ್, ಗಡಸುತನ ಅಳೆಯೋ ಮೋಸ್ ಮಾಪನದಲ್ಲಿ 6ರಿಂದ 7. ಅಡುಗೆಮನೆ ಹುಳಿಗೆ ಅದು ಜಗ್ಗಲ್ಲ. ಶಹಾಬಾದ್ ಕಲ್ಲು, ಕಡಪ ಕಲ್ಲು, ಮಾರ್ಬಲ್ ಇವೆಲ್ಲ ಸುಣ್ಣಕಲ್ಲಿನ ಜಾತಿ, ಗಡಸುತನ 3ರ ಹತ್ತಿರ, ನಿಂಬೆಹೋಳು ಒಂದು ರಾತ್ರಿ ಮರೆತು ಬಿಟ್ಟರೆ ಬೆಳಿಗ್ಗೆ ಅಲ್ಲಿ ಹೊಳಪು ಹೋಗಿರುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟ್ ನಮಗೆ ಪಕ್ಕದಲ್ಲೇ ಸಿಗುತ್ತದೆ, ಅದನ್ನ ಬಿಟ್ಟು ದೂರದ ಕಲ್ಲಿಗೆ ಯಾಕೆ ಆಸೆ ಪಡ್ತಾರೋ ನನಗೆ ಅರ್ಥ ಆಗಲ್ಲ. ಅಚ್ಚ ಕಪ್ಪೇ ಬೇಕಾದರೆ ಉಗುರುಬಣ್ಣ ತೆಗೆಯೋ ಅಸಿಟೋನ್ ಬಿಳಿ ಬಟ್ಟೆಗೆ ಹಾಕಿಕೊಂಡು ಕಲ್ಲನ್ನು ಜೋರಾಗಿ ಉಜ್ಜಿ ನೋಡಿ. ಬಟ್ಟೆಗೆ ಕಪ್ಪು ಹತ್ತಿದರೆ ಅದು ಬಣ್ಣ ಕುಡಿಸಿದ ಕಲ್ಲು, ವಾಪಸ್ ಕಳಿಸಿ.

ಲೆದರ್ ಫಿನಿಶ್ ಬಗ್ಗೆ ಅಂಗಡಿಯಲ್ಲಿ ಬಹಳ ಹೇಳುತ್ತಾರೆ. ಗಟ್ಟಿ ಬ್ರಷ್‌ನಿಂದ ಉಜ್ಜಿ ಕಲ್ಲಿನ ಮೆತ್ತಗಿನ ಕಣಗಳನ್ನು ತಗ್ಗಿಸಿರುತ್ತಾರೆ, ಮುಟ್ಟಿದರೆ ಹಿತ. ಆದರೆ ಕಟ್ಟೆ ಮೇಲೇ ಜೋಳದ ರೊಟ್ಟಿ ಬಡಿಯೋ ಮನೆಯಲ್ಲಿ ಆ ತಗ್ಗುಗಳಲ್ಲಿ ಹಿಟ್ಟು ಕೂರುತ್ತದೆ. ಸಂಡೂರು, ತೋರಣಗಲ್ಲು ಕಡೆ ಆದರಂತೂ ಅದಿರಿನ ಕೆಂಪು ಧೂಳು ಬೇರೆ. ಹಾಗಂತ ಕನ್ನಡಿ ಪಾಲಿಶ್ ಮಾಡಿದ ಕಪ್ಪು ಕಲ್ಲೂ ಸುಲಭ ಅಲ್ಲ, ಬೋರ್‌ವೆಲ್ಲಿನ ಸವಳು ನೀರಿನ ಒಂದೊಂದು ಹನಿಯೂ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ರೊಟ್ಟಿ ಬಡಿಯೋ ಕಡೆ ಪಾಲಿಶ್ ಮಾಡಿದ ಕೆಂಪು ಅಥವಾ ಬೂದು ಕಲ್ಲು ಇರಲಿ, ಲೆದರ್ ಬೇಕಾದರೆ ಕಾಫಿ ಕುಡಿಯೋ ಮೂಲೆಗೆ ಹಾಕಿಸಿಕೊಳ್ಳಿ.

ಈಗ ಹಿತ್ತಾಳೆ. ನೀವು ನೋಡಿರೋದು ತಗಡು ಅಲ್ಲ, ಲಿಕ್ವಿಡ್ ಮೆಟಲ್. ನಿಜವಾದ ಹಿತ್ತಾಳೆ ಪುಡಿಯನ್ನು ಅಂಟಿನಂಥ ರೆಸಿನ್‌ಗೆ ಕಲಸಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬಾಗಿಲಿಗೆ ಸ್ಪ್ರೇ ಮಾಡುತ್ತಾರೆ, ಇಲ್ಲಾ ಬಳಿಯುತ್ತಾರೆ. ಒಣಗಿದಾಗ ಮಂಕಾದ ಮಣ್ಣಿನ ಬಣ್ಣ ಇರುತ್ತದೆ, ಇದಕ್ಕಾ ಇಷ್ಟು ದುಡ್ಡು ಅನ್ನಿಸುತ್ತದೆ. ಆಮೇಲೆ ಒರಟು ಉಪ್ಪುಕಾಗದದಿಂದ ಶುರು ಮಾಡಿ ನುಣುಪಿನದಕ್ಕೆ ಬರುತ್ತಾ ತಿಕ್ಕಿದ ಹಾಗೆ ಮೇಲಿನ ರೆಸಿನ್ ಸವೆದು ಲೋಹದ ಕಣ ಹೊರಗೆ ಬರುತ್ತದೆ, ಬಾಗಿಲು ನಿಧಾನಕ್ಕೆ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ನೋಡೋಕೆ ಬಹಳ ಖುಷಿ ಕೊಡೋ ಕೆಲಸ ಇದು. ಒಳಗಿರೋದು ಅಸಲಿ ಹಿತ್ತಾಳೆಯಾದ್ದರಿಂದ ಲ್ಯಾಕರ್ ಹೊಡೆಯದೆ ಬಿಟ್ಟರೆ ಕಪ್ಪಾಗುತ್ತದೆ, ಉಪ್ಪು-ಹುಳಿ ತಾಗಿದರೆ ಹಸಿರು ಕಿಲುಬು ಬರುತ್ತದೆ. ಪೂಜೆ ಪಾತ್ರೆ ಅಂದುಕೊಂಡು ಕೆಲಸದವರು ಹುಣಸೆಹಣ್ಣು ಹಾಕಿ ತಿಕ್ಕದಂತೆ ಮೊದಲೇ ಹೇಳಿಡಿ. ಮೇಲಿನ ಸಾಲಿನ ಕಪಾಟಿಗೆ ಧಾರಾಳವಾಗಿ ಮಾಡಿಸಿ. ಸಿಂಕ್ ಕೆಳಗೆ ಮತ್ತು ಒಲೆ ಪಕ್ಕ 304 ದರ್ಜೆಯ ಸ್ಟೀಲ್ ಹಾಕಿಸಿ. ಮುಂಗಡ ಕೊಡೋ ಮೊದಲು ಅವರ ಹತ್ತಿರ ಅಂಗೈಯಗಲ ಸ್ಯಾಂಪಲ್ ಇಸಕೊಂಡು, ಹುಣಸೆರಸ, ಉಪ್ಪು, ಅರಿಶಿನ ಕಲಸಿದ ಎಣ್ಣೆ ಹಚ್ಚಿ ಒಂದು ರಾತ್ರಿ ಇಡಿ. ಆ ಸ್ಯಾಂಪಲ್ ಏನು ಹೇಳುತ್ತೋ ಅದನ್ನ ನಂಬಿ, ಕ್ಯಾಟಲಾಗನ್ನ ನಂಬಬೇಡಿ.

ಶಿಲ್ಪಕ್ಕೆ ಈ ಲೇಪ ಖಂಡಿತ ಆಗುತ್ತದೆ. ಆದರೆ ಪೂರ್ತಿ ಮೈ ಹೊಳೆಯೋ ಹಾಗೆ ಮಾಡಿಸಬೇಡಿ. ಸಮಯ ಸಿಕ್ಕಾಗ ಕುಕನೂರು ತಾಲೂಕಿನ ಇಟಗಿಗೆ ಹೋಗಿ 1112ರ ಮಹಾದೇವ ದೇವಾಲಯದ ಕಂಬಗಳನ್ನು ಹತ್ತಿರದಿಂದ ನೋಡಿ. ಬಳಪದ ಕಲ್ಲಿನ ಜಾತಿ ಅದು, ಮೆದು, ಅದಕ್ಕೇ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಗಿದೆ. ಕಂಬದ ಉರುಟಾದ ನುಣುಪು ಭಾಗದಲ್ಲಿ ಬೆಳಕು ಜಾರುತ್ತದೆ, ಕೆತ್ತನೆ ಇರೋ ಕಡೆ ನೆರಳು ಒಳಗೇ ನಿಲ್ಲುತ್ತದೆ. ಹಂಪಿಯ ಹಜಾರ ರಾಮ ದೇವಾಲಯದ ನಾಲ್ಕು ಕರಿಗಲ್ಲಿನ ಕಂಬಗಳೂ ಸುತ್ತಲಿನ ಗ್ರಾನೈಟ್ ನಡುವೆ ಹೀಗೇ ಬೇರೆಯಾಗಿ ಎದ್ದು ಕಾಣುತ್ತವೆ. ನಿಮ್ಮ ಶಿಲ್ಪಕ್ಕೂ ಲೇಪ ಆದ ಮೇಲೆ ಹಿತ್ತಾಳೆ ಕಪ್ಪಾಗಿಸೋ ರಾಸಾಯನಿಕ ಹಚ್ಚಿ ಪೂರ್ತಿ ಕಪ್ಪು ಮಾಡಿಸಿ, ಆಮೇಲೆ ಉಬ್ಬಿದ ಜಾಗಗಳನ್ನಷ್ಟೇ ಉಜ್ಜಿಸಿ. ಮೂಗು, ಭುಜ, ಬಟ್ಟೆಯ ನೆರಿಗೆಯ ಅಂಚು ಹೊಳೆಯುತ್ತವೆ, ತಗ್ಗುಗಳು ಕಪ್ಪಾಗಿ ಉಳಿಯುತ್ತವೆ, ಆಕಾರ ಕಣ್ಣಿಗೆ ಕಟ್ಟುತ್ತದೆ. ಒಳಗೆ ಇಡೋ ಶಿಲ್ಪಕ್ಕೆ ಮೇಣ ಉಜ್ಜಿದರೆ ಸಾಕು. ಅಂಗಳದ ಬಿಸಿಲಿಗೆ ಇಡೋದಾದರೆ ಮಾತ್ರ ಈ ಲೇಪದ ಯೋಚನೆ ಬಿಟ್ಟು ಗ್ರಾನೈಟಿನಲ್ಲೋ ಎರಕದ ಕಂಚಿನಲ್ಲೋ ಮಾಡಿಸಿ.