ಹಣ್ಣಿನ ಘಮದ ಸುಗಂಧ ಯಾರಿಗೆ ಒಪ್ಪುತ್ತದೆ?

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತಿದ್ದವು: ಹಣ್ಣಿನಂತೆ, ಮಿಠಾಯಿಯಂತೆ ಸಿಹಿಯಾಗಿ ಘಮಘಮಿಸುವ ಪರ್ಫ್ಯೂಮುಗಳು. ಆದ್ದರಿಂದ ಕೂದಲು ಮತ್ತು ಚರ್ಮದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಈ ಪುಟವನ್ನು ಪೂರ್ತಿಯಾಗಿ ಪರಿಮಳಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ವಯಸ್ಸು ನಲವತ್ತೇಳು. ದುಬೈಯಲ್ಲಿರುವ ನನ್ನ ತಂಗಿಯ ಮಗಳು ಊರಿಗೆ ಬಂದಾಗ ಒಂದು ಪರ್ಫ್ಯೂಮ್ ತಂದುಕೊಟ್ಟಳು. ಹಾಕಿಕೊಂಡ ಕೂಡಲೇ ಮರಸೇಬು ಹೆಚ್ಚಿಟ್ಟ ಹಾಗೆ ಘಮ್ಮೆನ್ನುತ್ತದೆ, ಆಮೇಲೆ ಮಿಠಾಯಿ ಅಂಗಡಿಯ ಮುಂದೆ ನಿಂತಷ್ಟು ಸಿಹಿಯಾಗುತ್ತದೆ. ನನಗಂತೂ ಬಹಳ ಇಷ್ಟವಾಗಿದೆ. ಆದರೆ ನನ್ನ ಮಗಳು, "ಅಮ್ಮಾ, ಇದು ಕಾಲೇಜು ಹುಡುಗಿಯರು ಹಾಕ್ಕೊಳ್ಳೋದು" ಎಂದು ನಗುತ್ತಾಳೆ. ಇದು ನನಗೆ ಒಪ್ಪುವುದಿಲ್ಲವೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಗಳ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹಸಿರು ಸೇಬನ್ನು ಹೋಲುವ ಸೀಸೆಯಲ್ಲಿ 2004ರಲ್ಲಿ ಬಂದ ಡಿಕೆಎನ್‌ವೈ ಕಂಪನಿಯ 'ಬಿ ಡೆಲಿಷಿಯಸ್', ಅದರ ಮರುವರ್ಷ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಹೆಸರಿನಲ್ಲಿ ಬಂದ, ಲಿಚಿ ಮತ್ತು ಕಿವಿ ಹಣ್ಣಿನ ಜೊತೆಗೆ ಕೇಕಿನ ಸಿಹಿಯನ್ನೂ ಬೆರೆಸಿದ 'ಫ್ಯಾಂಟಸಿ', ಇಂಥವುಗಳ ಗೆಲುವಿನ ನಂತರ ಹಣ್ಣಿನ ಘಮವೆಂದರೆ ಹರೆಯದ ಹುಡುಗಿಯರದು ಎಂಬ ಭಾವನೆ ಗಟ್ಟಿಯಾಯಿತು. ಆದರೆ ಆ ವಯಸ್ಸು ಜಾಹೀರಾತಿನಲ್ಲಿತ್ತೇ ಹೊರತು ಸೀಸೆಯೊಳಗೆ ಇರಲಿಲ್ಲ. ಅದಕ್ಕೂ ಎಷ್ಟೋ ಮೊದಲು, 1919ರಲ್ಲಿ, ಪ್ಯಾರಿಸಿನ ಜಾಕ್ ಗೆರ್ಲೇನ್ ಅವರು ತಮ್ಮ 'ಮಿತ್ಸುಕೊ' ಎಂಬ ಸುಗಂಧದಲ್ಲಿ ಮಾಗಿದ ಪೀಚ್ ಹಣ್ಣಿನ ಘಮವನ್ನು ತಂದು, ಓಕ್ ಮರದ ತೊಗಟೆಯ ಮೇಲೆ ಬೆಳೆಯುವ ಒಂದು ಬಗೆಯ ಕಲ್ಲುಹೂವಿನ ಕಹಿ-ಒಗರಿನ ವಾಸನೆಯ ಮೇಲೆ ಅದನ್ನು ಕೂರಿಸಿದರು. (ನಮ್ಮ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವೂ ಅದೇ ಕುಟುಂಬಕ್ಕೆ ಸೇರಿದ್ದು, ಮುಂದಿನ ಸಲ ಮಸಾಲೆ ಹುರಿಯುವಾಗ ಅದನ್ನೊಂದು ಗಳಿಗೆ ಮೂಸಿ ನೋಡಿ.) ಅದರಲ್ಲಿ ಹಣ್ಣು ಧಾರಾಳವಾಗಿದೆ, ಸಕ್ಕರೆಯ ಅಂಶ ಮಾತ್ರ ಕಾಣುವುದಿಲ್ಲ. ನೂರು ವರ್ಷ ದಾಟಿದರೂ ಅದು ಪ್ರೌಢರ ಸುಗಂಧವೆಂದೇ ಹೆಸರಾಗಿದೆ.

ಇಲ್ಲಿ ನಾವು ಬೇರ್ಪಡಿಸಿ ನೋಡಬೇಕಾದದ್ದು ಹಣ್ಣು ಮತ್ತು ಸಿಹಿ ಎಂಬ ಎರಡು ಸಂಗತಿಗಳನ್ನು. ಹಣ್ಣಿನ ಘಮ ಕೊಡುವ ಅಣುಗಳಲ್ಲಿ ಹೆಚ್ಚಿನವು ಹಗುರ. ಚರ್ಮದ ಬಿಸಿ ತಾಗಿದ ಕೂಡಲೇ ಹಾರಿಹೋಗುತ್ತವೆ. ನೀವು ಹೇಳುವ ಮರಸೇಬು ಅರ್ಧ ಗಂಟೆ ನಿಂತರೆ ಹೆಚ್ಚು. ಅದರ ಹಿಂದೆ ಬರುವ ಮಿಠಾಯಿಯ ಸಿಹಿಗೆ ಸಾಮಾನ್ಯವಾಗಿ ಈಥೈಲ್ ಮಾಲ್ಟಾಲ್ ಎಂಬ ವಸ್ತು ಕಾರಣ. ಬಾಣಲೆಯಲ್ಲಿ ಸಕ್ಕರೆ ಕರಗಿ ಕಂದು ಬಣ್ಣಕ್ಕೆ ತಿರುಗುವಾಗ ಏಳುವ ವಾಸನೆ, ಜಾತ್ರೆಯ ಬೊಂಬಾಯಿ ಮಿಠಾಯಿಯ ವಾಸನೆ ಅದರದು. ಇದು ಬೇಗ ಹೋಗುವುದಿಲ್ಲ, ಬಟ್ಟೆಗೆ ಹಿಡಿದರೆ ಮರುದಿನವೂ ಇರುತ್ತದೆ. 1992ರಲ್ಲಿ ಬಂದ ಥಿಯರಿ ಮುಗ್ಲರ್ ಅವರ 'ಏಂಜಲ್' ಈ ಸಕ್ಕರೆಯನ್ನು ಹಿಂದೆಂದೂ ಇಲ್ಲದಷ್ಟು ಧಾರಾಳವಾಗಿ ಬಳಸಿತು. ಆದರೆ ಅದರ ಕೆಳಗೆ ಪಚೋಲಿ ಎಂಬ ಗಿಡದ ಎಲೆಯ ಹಸಿಮಣ್ಣಿನಂಥ, ಹಳೆಯ ಮರದ ಪೆಟ್ಟಿಗೆಯಂಥ ಗಾಢ ವಾಸನೆಯನ್ನು ಅಷ್ಟೇ ಧಾರಾಳವಾಗಿ ಇಟ್ಟಿದ್ದರಿಂದ ಅದು ಮಕ್ಕಳ ಮಿಠಾಯಿಯಾಗದೆ ಉಳಿಯಿತು. ಇಂದು ಮಾರುಕಟ್ಟೆಯಲ್ಲಿರುವ ಸಿಹಿ ಸುಗಂಧಗಳಲ್ಲಿ ಬಹಳಷ್ಟು ಅದರ ಮಕ್ಕಳು, ಮೊಮ್ಮಕ್ಕಳು.

ಹಾಗಾಗಿ ಒಪ್ಪುತ್ತದೆಯೇ ಇಲ್ಲವೇ ಎಂಬುದನ್ನು ಹಾಕಿಕೊಂಡ ಗಳಿಗೆಯಲ್ಲಿ ತೀರ್ಮಾನಿಸಬೇಡಿ. ರಜೆಯ ದಿನ ಬೆಳಿಗ್ಗೆ ಸ್ನಾನವಾದ ಮೇಲೆ ಮುಂಗೈಗೆ ಒಂದೇ ಒಂದು ಸಲ ಸಿಂಪಡಿಸಿಕೊಂಡು ಮನೆಗೆಲಸದಲ್ಲಿ ತೊಡಗಿ, ಮೂರು ಗಂಟೆ ಬಿಟ್ಟು ಮೂಸಿ ನೋಡಿ. ಹಣ್ಣು ಹೋದ ಮೇಲೆ ಬರೀ ಸಕ್ಕರೆ, ವೆನಿಲಾ ಮಾತ್ರ ಉಳಿದಿದ್ದರೆ ನಿಮ್ಮ ಮಗಳು ಹೇಳಿದ್ದರಲ್ಲಿ ಸತ್ಯವಿದೆ. ಮರ, ಗಂಧ, ಕಸ್ತೂರಿಯನ್ನು ನೆನಪಿಸುವ ಮೆತ್ತನೆಯ ವಾಸನೆ, ಅಥವಾ ಪೌಡರಿನಂಥ ಒಣ ಘಮ ಉಳಿದಿದ್ದರೆ ಅದು ನಿಮ್ಮ ವಯಸ್ಸಿಗೂ ವೃತ್ತಿಗೂ ಚೆನ್ನಾಗಿ ಹೊಂದುತ್ತದೆ. ನೀವು ಬಣ್ಣಿಸಿದ ಮರಸೇಬು ಮತ್ತು ಮಿಠಾಯಿಯ ಜೋಡಿ 2012ರ ಲಾಂಕೋಮ್ ಕಂಪನಿಯ 'ಲಾ ವಿ ಎ ಬೆಲ್' ಹಾದಿಯದು ಎಂದು ನನ್ನ ಊಹೆ. ಆ ಹಾದಿಯ ಸುಗಂಧಗಳ ತಳದಲ್ಲಿ ಸಾಮಾನ್ಯವಾಗಿ ಪಚೋಲಿ ಇರುತ್ತದೆ. ನಲವತ್ತು ದಾಟಿದವರು ಅವನ್ನು ಸಂತೋಷವಾಗಿ ಹಾಕಿಕೊಳ್ಳುತ್ತಾರೆ, ನಾನೂ ಅವರಲ್ಲಿ ಒಬ್ಬಳು. ತರಗತಿಗೆ ಹೋಗುವ ದಿನ ಮಾತ್ರ ಮಿತಿ ಇರಲಿ. ಒಮ್ಮೆ ನಾನು ಇಂಥದ್ದೊಂದನ್ನು ಎರಡು ಸಲ ಹೆಚ್ಚಾಗಿಯೇ ಸಿಂಪಡಿಸಿಕೊಂಡು ಬಸ್ಸು ಹತ್ತಿದ್ದೆ. ಪಕ್ಕದ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಕೂತಿದ್ದ ಮಗು ನನ್ನ ಬ್ಯಾಗನ್ನೇ ನೋಡುತ್ತಿದ್ದು, ಕೊನೆಗೆ "ಆಂಟೀ, ಚಾಕಲೇಟ್ ಇದ್ಯಾ?" ಎಂದು ಕೇಳಿಯೇಬಿಟ್ಟಿತು. ಇರಲಿಲ್ಲ.

ಪ್ರಶ್ನೆ: ಪರ್ಫ್ಯೂಮಿನ ಡಬ್ಬಿಯ ಮೇಲೆ ಪೀಚ್, ಸ್ಟ್ರಾಬೆರಿ, ಅನಾನಸ್ ಎಂದೆಲ್ಲ ಬರೆದಿರುತ್ತಾರೆ. ಅದರಲ್ಲಿ ನಿಜವಾಗಿಯೂ ಹಣ್ಣಿನ ರಸ ಇರುತ್ತದೆಯೇ? ಇಲ್ಲದಿದ್ದರೆ ಇದು ಗ್ರಾಹಕರಿಗೆ ಮಾಡುವ ಮೋಸವಲ್ಲವೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ರಸ ಇರುವುದಿಲ್ಲ. ಕಿತ್ತಳೆ, ನಿಂಬೆಯ ಜಾತಿಯ ಹಣ್ಣುಗಳು ಮಾತ್ರ ಇದಕ್ಕೆ ಹೊರತು. ಅವುಗಳ ಸಿಪ್ಪೆಯಲ್ಲಿ ಎಣ್ಣೆಯ ಪುಟ್ಟ ಚೀಲಗಳಿದ್ದು, ಹಿಂಡಿದರೆ ಎಣ್ಣೆ ಹೊರಗೆ ಬರುತ್ತದೆ; ಕಿತ್ತಳೆ ಸಿಪ್ಪೆಯನ್ನು ದೀಪದ ಮುಂದೆ ಹಿಂಡಿ ಕಿಡಿ ಹಾರಿಸಿದ ಬಾಲ್ಯ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪೀಚ್, ಸ್ಟ್ರಾಬೆರಿ, ಸೇಬು, ಅನಾನಸುಗಳ ಮಾತೇ ಬೇರೆ. ಅವುಗಳಲ್ಲಿ ಬಹುಪಾಲು ನೀರು, ಪರಿಮಳದ ಅಂಶ ಅತ್ಯಲ್ಪ. ಮಲ್ಲಿಗೆ, ಗುಲಾಬಿಗಳಂತೆ ಅವುಗಳಿಂದ ಪರಿಮಳ ತೆಗೆಯಲು ಹೊರಟು ಕುದಿಸಿದರೆ ಸಿಗುವುದು ತಾಜಾ ಹಣ್ಣಿನ ಘಮವಲ್ಲ, ಜಾಮಿನ ವಾಸನೆ. ಆದ್ದರಿಂದ ಪ್ರಯೋಗಾಲಯದಲ್ಲಿ ತಯಾರಿಸಿದ ಅಣುಗಳನ್ನು ಜೋಡಿಸಿ ಹಣ್ಣಿನ ಭಾವವನ್ನು ಕಟ್ಟುತ್ತಾರೆ. ಅನಾನಸಿಗೆ ಅಲೈಲ್ ಹೆಕ್ಸನೋಯೇಟ್, ಬಾಳೆಹಣ್ಣಿಗೆ ಐಸೊಅಮೈಲ್ ಅಸಿಟೇಟ್, ಪೀಚಿಗೆ ಗ್ಯಾಮಾ ಅನ್‌ಡೆಕಲ್ಯಾಕ್ಟೋನ್ ಎಂಬವು ಮುಖ್ಯ. ಕೊನೆಯದನ್ನು ವ್ಯಾಪಾರದಲ್ಲಿ 'ಆಲ್ಡಿಹೈಡ್ ಸಿ-14' ಎಂದು ಕರೆಯುತ್ತಾರೆ. ಅದು ಆಲ್ಡಿಹೈಡ್ ಎಂಬ ರಾಸಾಯನಿಕಗಳ ಗುಂಪಿಗೆ ಸೇರಿದ್ದೂ ಅಲ್ಲ, ಅದರಲ್ಲಿ ಹದಿನಾಲ್ಕು ಇಂಗಾಲದ ಪರಮಾಣುಗಳೂ ಇಲ್ಲ, ಇರುವುದು ಹನ್ನೊಂದು. ಮೋಸ ಎನ್ನುವುದಾದರೆ ಈ ಹೆಸರನ್ನು ಹೇಳಬಹುದೇನೋ. ಮೇಲೆ ಹೇಳಿದ ಮಿತ್ಸುಕೊ ಸುಗಂಧದ ಪೀಚ್ ಕೂಡ ಇದೇ ಅಣುವಿನದು. ಉಳಿದ ಹಣ್ಣಿನ ಅಣುಗಳಿಗೆ ಹೋಲಿಸಿದರೆ ಇದು ಭಾರ. ಹಾಗಾಗಿ ಮರಸೇಬು ಮಾಯವಾದರೂ ಪೀಚ್ ಗಂಟೆಗಟ್ಟಲೆ ಚರ್ಮದ ಮೇಲಿರುತ್ತದೆ.

ಡಬ್ಬಿಯ ಮೇಲಿನ ಪಟ್ಟಿಯನ್ನು ಅಡುಗೆಯ ಸಾಮಗ್ರಿಗಳ ಪಟ್ಟಿಯಂತೆ ಓದದೆ, ಮೂಗಿಗೆ ಏನು ತೋರಬೇಕೆಂಬ ವರ್ಣನೆಯಂತೆ ಓದಬೇಕು ಎಂಬುದಷ್ಟೇ ನನ್ನ ಸಲಹೆ.

ಆದರೆ ಹಣ್ಣಿನ ಘಮವನ್ನು ಹಣ್ಣೇ ಅಲ್ಲದ ಗಿಡದಿಂದ, ಅದೂ ನಿಸರ್ಗದತ್ತವಾಗಿ ಪಡೆಯುವ ದಾರಿಯೊಂದಿದೆ. ಆ ಗಿಡ ನಮ್ಮ ಹಿತ್ತಲಿನದೇ. ದವನ. ಕನಕಾಂಬರದ ನಡುವೆ ಸೇರಿಸಿ ಮುಡಿಯುವ, ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆ ಎಂದು ಹೆಸರು ತಂದುಕೊಟ್ಟ ಅದೇ ಬೂದುಹಸಿರು ಎಲೆ. ಕರ್ನಾಟಕ ಮತ್ತು ನೆರೆಯ ರಾಜ್ಯಗಳಲ್ಲಿ ಬೆಳೆದ ದವನವನ್ನು ಭಟ್ಟಿ ಇಳಿಸಿ ತೆಗೆದ ಎಣ್ಣೆ ಹೊರದೇಶಗಳ ಸುಗಂಧ ತಯಾರಕರಿಗೆ ಹೋಗುತ್ತದೆ. ಅವರು ಅದನ್ನು ಬಳಸುವುದು ಪೂಜೆಯ ನೆನಪಿಗಾಗಿ ಅಲ್ಲ. ಒಣ ಏಪ್ರಿಕಾಟನ್ನು ಮದ್ಯದಲ್ಲಿ ನೆನೆಹಾಕಿದಂಥ, ಗಾಢವಾದ ಜಾಮಿನಂಥ ಒಂದು ಸಿಹಿ ಅದರಲ್ಲಿದೆ ಎಂಬುದಕ್ಕಾಗಿ. ಒಬ್ಬೊಬ್ಬರ ಚರ್ಮದ ಮೇಲೆ ದವನ ಒಂದೊಂದು ರೀತಿ ಪರಿಮಳಿಸುತ್ತದೆ ಎಂಬ ಮಾತು ಆ ವೃತ್ತಿಯವರಲ್ಲಿ ಬಹುಕಾಲದಿಂದ ಇದೆ. ದವನದ ಎಸಳನ್ನು ಅಂಗೈಯಲ್ಲಿ ಹಿಸುಕಿ, ಹಸಿರು ವಾಸನೆ ಇಳಿಯುವವರೆಗೆ ಕಾದು ಮೂಸಿದರೆ ಆ ಹಣ್ಣು ನಿಮಗೂ ಸಿಗುತ್ತದೆ.

ಪ್ರಶ್ನೆ: ಗಂಡಸರು ಹಣ್ಣಿನ ಪರಿಮಳದ ಸೆಂಟು ಹಾಕಿಕೊಂಡರೆ ಆಭಾಸವಾಗುವುದಿಲ್ಲವೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಆಗುವುದಿಲ್ಲ. 2010ರಲ್ಲಿ ಬಂದ ಕ್ರೀಡ್ ಸಂಸ್ಥೆಯ 'ಅವೆಂಟಸ್' ಗಂಡಸರಿಗೆಂದೇ ತಯಾರಾದದ್ದು. ಅದನ್ನು ಹೆಸರುವಾಸಿ ಮಾಡಿದ್ದು ಅನಾನಸಿನ ಘಮ. ಅನಾನಸಿನ ಕೆಳಗೆ ಹೊಗೆ ಹಿಡಿದ ಕಟ್ಟಿಗೆಯಂಥ ವಾಸನೆ ಇರುವುದರಿಂದ ಅದು ಹಣ್ಣಿನ ಪಾನಕದಂತೆ ತೋರುವುದಿಲ್ಲ. ಅದನ್ನು ಅನುಕರಿಸಿದ ಅಗ್ಗದ ಸುಗಂಧಗಳು ನಿಮ್ಮ ಊರಿನ ಅಂಗಡಿಗಳಲ್ಲಿಯೂ ಸಿಕ್ಕಾವು, ಒಮ್ಮೆ ಮೂಸಿ ನೋಡಿ. ದಾವಣಗೆರೆಯ ಶಿಕ್ಷಕಿಯವರಿಗೆ ಹೇಳಿದ ಮೂರು ಗಂಟೆಯ ಪರೀಕ್ಷೆ ನಿಮಗೂ ಅನ್ವಯಿಸುತ್ತದೆ.

ಪ್ರಶ್ನೆ: ಚಳಿಗಾಲದಲ್ಲಿ ಗೆಳತಿಯ ಮನೆಯಲ್ಲಿ, ಬೆಂಗಳೂರಿನಲ್ಲಿ, ಬಹಳ ಹಿತವಾಗಿ ತೋರಿದ ಸ್ಟ್ರಾಬೆರಿ-ವೆನಿಲಾ ಸುಗಂಧವನ್ನು ಕೊಂಡುಕೊಂಡೆ. ಊರಿಗೆ ಬಂದು ಏಪ್ರಿಲಿನಲ್ಲಿ ಹಾಕಿಕೊಂಡರೆ ನನಗೇ ತಲೆ ಸಿಡಿಯುತ್ತದೆ. ಕೆಲವು ದಿನ ಮಾತ್ರ ನನಗೆ ವಾಸನೆಯೇ ಬಾರದು, ಆದರೆ ಸಹೋದ್ಯೋಗಿಗಳು ಮೂಗು ಮುಚ್ಚಿಕೊಳ್ಳುತ್ತಾರೆ. ಸುಗಂಧ ಕೆಟ್ಟಿದೆಯೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಕೆಟ್ಟಿರಲಾರದು, ಹವೆ ಬದಲಾಗಿದೆ. ಸೆಕೆಯಲ್ಲಿ ಚರ್ಮ ಬಿಸಿಯಾಗಿರುವುದರಿಂದ ಸುಗಂಧ ಬೇಗನೆ, ಒಟ್ಟಿಗೇ ಆವಿಯಾಗುತ್ತದೆ. ಹಗುರವಾದ ಹಣ್ಣು ಕೆಲವೇ ನಿಮಿಷಗಳಲ್ಲಿ ಖಾಲಿಯಾಗಿ, ಸಕ್ಕರೆ ಮತ್ತು ವೆನಿಲಾದ ಭಾರವೊಂದೇ ಬೆವರಿನ ಜೊತೆ ಉಳಿಯುತ್ತದೆ. ಹಲಸಿನ ಹಣ್ಣನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿಟ್ಟು ನೋಡಿದವರಿಗೆ ಸಿಹಿ ಘಮ ಯಾವ ಗಳಿಗೆಯಲ್ಲಿ ಹಿಂಸೆಯಾಗುತ್ತದೆ ಎಂಬುದು ಗೊತ್ತು. ನಿಮಗೆ ವಾಸನೆ ಬಾರದಿರುವುದಕ್ಕೆ ಕಾರಣ, ಒಂದೇ ಪರಿಮಳದಲ್ಲಿ ಮುಳುಗಿದ ಮೂಗು ಅದನ್ನು ಗಮನಿಸುವುದನ್ನು ಬಿಟ್ಟುಬಿಡುತ್ತದೆ. ಆಗ ಹೋಯಿತೆಂದುಕೊಂಡು ಮತ್ತೆ ಸಿಂಪಡಿಸಿಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ಅದನ್ನು ಮಳೆಗಾಲದ ತಂಪಿಗೆ ಎತ್ತಿಡಿ. ಸೀಸೆಯನ್ನು ಕಿಟಕಿಯ ಬಳಿ, ಬಚ್ಚಲಿನಲ್ಲಿ ಇಡದೆ ಕಪಾಟಿನ ಕತ್ತಲಲ್ಲಿ ಇಟ್ಟರೆ ಕೆಡುವುದಿಲ್ಲ. ತಲೆನೋವು ತಂಪು ಹವೆಯಲ್ಲೂ ಬರುವುದಾದರೆ, ವಿಶೇಷವಾಗಿ ಅರೆತಲೆನೋವಿನ ತೊಂದರೆ ನಿಮಗಿದ್ದರೆ, ಆ ಸುಗಂಧವನ್ನು ಬೇರೆಯವರಿಗೆ ಕೊಟ್ಟುಬಿಡುವುದು ಲೇಸು.

ಕರಾವಳಿಯ ಬೇಸಗೆಗೆ ಹಣ್ಣೇ ಬೇಕೆಂದಿದ್ದರೆ ಮಾಗಿದ್ದನ್ನು ಬಿಟ್ಟು ಕಾಯಿಯತ್ತ ಹೋಗಿ. ಎರ್ಮೆಸ್ ಸಂಸ್ಥೆಗಾಗಿ ಜಾನ್-ಕ್ಲೋದ್ ಎಲೆನಾ ಅವರು 2005ರಲ್ಲಿ ರೂಪಿಸಿದ 'ಅನ್ ಜಾರ್ದಾನ್ ಸುರ್ ಲ ನಿಲ್' ಎಂಬ ಸುಗಂಧಕ್ಕೆ ಪ್ರೇರಣೆಯಾದದ್ದು ಈಜಿಪ್ಟಿನ ಆಸ್ವಾನ್ ಬಳಿ, ನೈಲ್ ನದಿಯ ದಡದಲ್ಲಿ ಅವರು ಕಂಡ ಮಾವಿನಕಾಯಿಗಳು. ಸಿಹಿಯ ಬದಲು ಹುಳಿ, ತೊಟ್ಟು ಮುರಿದಾಗ ಚಿಮ್ಮುವ ಸೊನೆಯ ಚುರುಕು ಅದರಲ್ಲಿ ನನಗೆ ಕಂಡಿದೆ. ಬೆಲೆ ಹೆಚ್ಚು, ಅದನ್ನೇ ಕೊಳ್ಳಿ ಎಂದು ಹೇಳುತ್ತಿಲ್ಲ. ನಿಂಬೆ, ಚಕ್ಕೋತ, ಹಸಿರು ಸೇಬಿನ ಹಾದಿಯ ಸಾಧಾರಣ ಬೆಲೆಯ ಬಾಡಿ ಮಿಸ್ಟ್ ಕೂಡ ಆ ಸೆಕೆಗೆ ಸಾಕು. ಅದರಲ್ಲಿ ಪರಿಮಳದ ಪ್ರಮಾಣ ಕಡಿಮೆ ಇರುವುದರಿಂದ ಮಧ್ಯಾಹ್ನ ಮತ್ತೊಮ್ಮೆ ಹಾಕಿಕೊಂಡರೂ ಯಾರಿಗೂ ತೊಂದರೆಯಾಗದು.

ಪ್ರಶ್ನೆ: ಮುಂದಿನ ತಿಂಗಳು ನನ್ನ ಮದುವೆ. ತಲೆ ತುಂಬ ಮಲ್ಲಿಗೆ ಇರುತ್ತದೆ. ಅದರ ಜೊತೆಗೆ ಹಣ್ಣಿನ ಘಮದ ಪರ್ಫ್ಯೂಮ್ ಹಾಕಿಕೊಳ್ಳಬಹುದೇ?
— ಓದುಗರೊಬ್ಬರು, ಉಡುಪಿ

ಉತ್ತರ: ಶುಭಾಶಯಗಳು. ಶಂಕರಪುರದ ಮಲ್ಲಿಗೆ ಮುಡಿದವರಿಗೆ ಬೇರೆ ಸುಗಂಧ ಏಕೆ ಎಂಬುದು ನನ್ನ ಮೊದಲ ಪ್ರತಿಕ್ರಿಯೆ. ಆದರೂ ಕೇಳಿದ್ದೀರಿ. ಮಲ್ಲಿಗೆಯ ಪರಿಮಳದಲ್ಲಿ ಬೆಂಜೈಲ್ ಅಸಿಟೇಟ್ ಎಂಬ ಅಂಶ ದೊಡ್ಡ ಪ್ರಮಾಣದಲ್ಲಿದ್ದು, ಅದಕ್ಕೆ ತನ್ನದೇ ಆದ ಹಣ್ಣಿನ ಛಾಯೆ ಇದೆ. ಹಾಗಾಗಿ ಮರಸೇಬು, ಪೀಚ್‌ಗಳ ಹಗುರ ಘಮ ಮಲ್ಲಿಗೆಯೊಂದಿಗೆ ಸುಲಭವಾಗಿ ಬೆರೆಯುತ್ತದೆ. ಕ್ಯಾರಮೆಲ್, ಚಾಕಲೇಟ್, ವೆನಿಲಾಗಳು ಬೆರೆಯುವುದಿಲ್ಲ. ಹೋಮದ ಹೊಗೆ, ಹೂವು, ಸಕ್ಕರೆ ಮೂರೂ ಸೇರಿದರೆ ಧಾರೆಯ ಹೊತ್ತಿಗೆ ನಿಮಗೇ ವಾಕರಿಕೆ ಬರಬಹುದು. ರೇಷ್ಮೆ ಸೀರೆಯ ಮೇಲೆ ಎಂದಿಗೂ ಸಿಂಪಡಿಸಬೇಡಿ, ಕಲೆ ಉಳಿಯುತ್ತದೆ. ಸೀರೆ ಉಡುವ ಮೊದಲೇ ಕುತ್ತಿಗೆಯ ಹಿಂದೆ ಮತ್ತು ಮೊಣಕೈಯ ಒಳಬದಿಗೆ ಹಾಕಿಕೊಂಡು ಆರಲು ಬಿಡಿ. ಮದುವೆಯ ದಿನ ಹೊಸ ಸೀಸೆ ಒಡೆಯದೆ, ಒಂದು ವಾರ ಮೊದಲೇ ಹಾಕಿ ನೋಡಿದ್ದು ಇರಲಿ. ತುರಿಕೆ, ಕೆಂಪು ಗುರುತು ಕಾಣಿಸಿಕೊಂಡರೆ ಬಿಟ್ಟುಬಿಡಿ.

ಪ್ರಶ್ನೆ: ನಮ್ಮ ತೋಟದಲ್ಲಿ ಜೇನುಪೆಟ್ಟಿಗೆಗಳಿವೆ. ಹಣ್ಣಿನ ವಾಸನೆಯ ಸೆಂಟು ಹಾಕಿಕೊಂಡು ಅವುಗಳ ಹತ್ತಿರ ಹೋಗಬಾರದು ಎಂದು ನಮ್ಮ ಅಜ್ಜ ಗದರುತ್ತಾರೆ. ಇದು ನಂಬಿಕೆಯೋ, ನಿಜವೋ?
— ಓದುಗರೊಬ್ಬರು, ಶಿರಸಿ

ಉತ್ತರ: ಅಜ್ಜನವರ ಮಾತನ್ನು ಕೇಳಿ. ಬಾಳೆಹಣ್ಣಿನ ಘಮಕ್ಕೆ ಕಾರಣವೆಂದು ಮೇಲೆ ಹೇಳಿದ ಐಸೊಅಮೈಲ್ ಅಸಿಟೇಟನ್ನೇ ಜೇನುಹುಳುಗಳು ಕುಟುಕುವಾಗ ಹೊರಬಿಡುತ್ತವೆ. ಅಪಾಯ ಬಂದಿದೆ, ಎಲ್ಲರೂ ಬನ್ನಿ ಎಂದು ಗೂಡಿನ ಉಳಿದ ಹುಳುಗಳನ್ನು ಕರೆಯುವ ಸಂಕೇತ ಅದು. ವಿಜ್ಞಾನಿಗಳು ಇದನ್ನು ಗುರುತಿಸಿದ್ದು 1962ರಲ್ಲಿ. ಪೆಟ್ಟಿಗೆ ತೆರೆಯುವ ದಿನ ಸೆಂಟೂ ಬೇಡ, ಬಾಳೆಹಣ್ಣು ತಿಂದ ಕೈಯೂ ಬೇಡ.